ದಿನಾ ನೂರು ಬಾಲ್ ಹಾಕಿದರೆ ವೇಗದ ಬೌಲರ್ ಆಗಬಹುದೇ? ಮಕ್ಕಳ ಅಭ್ಯಾಸ ಮತ್ತು ವಿಶ್ರಾಂತಿಯ ಅಸಲಿ ಲೆಕ್ಕ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಬೇಸಿಗೆ ಕ್ರಿಕೆಟ್ ಶಿಬಿರದ ಜಾಹೀರಾತು. ಇನ್ನೊಂದು, ಉಪದೇಶದ ಫಾರ್ವರ್ಡ್. ಅದರ ಸಾರ ಹೆಚ್ಚುಕಡಿಮೆ ಹೀಗಿರುತ್ತದೆ: "ದಿನಕ್ಕೆ ನೂರು ಬಾಲ್ ಹಾಕಿಸಿ. ಮಕ್ಕಳ ಮೈ ರಬ್ಬರ್ ಇದ್ದ ಹಾಗೆ, ಏನೂ ಆಗಲ್ಲ. ನೋವು ಬಂದರೆ ಮೈ ಗಟ್ಟಿಯಾಗುತ್ತಿದೆ ಎಂದರ್ಥ. ವಿಶ್ರಾಂತಿ ಕೊಟ್ಟರೆ ಕಲಿತದ್ದೆಲ್ಲ ಹೋಗುತ್ತೆ."

ಕೇಳಲು ಚೆನ್ನಾಗಿದೆ. ಆದರೆ ಈ ನಾಲ್ಕು ವಾಕ್ಯಗಳಲ್ಲಿ ಒಂದೂ ಸರಿಯಿಲ್ಲ.

ನಾವು ಕಂಡುಕೊಂಡದ್ದು ಚಿಕ್ಕದಾಗಿ: ಅಭ್ಯಾಸ ಬೇಕೇ ಬೇಕು. ಆದರೆ ಬೆಳೆಯುವ ಮಗುವಿನ ಮೂಳೆ ಗಟ್ಟಿಯಾಗುವುದು ಬಾಲ್ ಹಾಕುವ ಹೊತ್ತಿನಲ್ಲಲ್ಲ, ಎರಡು ಅಭ್ಯಾಸಗಳ ನಡುವಿನ ಬಿಡುವಿನಲ್ಲಿ. ಆ ಬಿಡುವನ್ನು ಕಿತ್ತುಕೊಂಡರೆ ಬೆನ್ನುಮೂಳೆಯಲ್ಲಿ ಬಿರುಕು ಬೀಳಬಹುದು. ಅದಕ್ಕಿಂತ ದೊಡ್ಡ ಸಮಸ್ಯೆ ಎಂದರೆ, ಮಗು ವಾರಕ್ಕೆ ಒಟ್ಟು ಎಷ್ಟು ಬಾಲ್ ಹಾಕುತ್ತಿದೆ ಎಂಬ ಲೆಕ್ಕ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ.

ಒಂದೊಂದಾಗಿ ನೋಡೋಣ.

ಒಂದು ಬಾಲ್ ಹಾಕುವಾಗ ಮೈಯೊಳಗೆ ಏನಾಗುತ್ತದೆ?

ವೇಗದ ಬೌಲರ್ ಓಡಿ ಬಂದು, ಹಾರಿ, ಮುಂಗಾಲನ್ನು ಕ್ರೀಸ್ ಮೇಲೆ ಊರುತ್ತಾನೆ. ಆ ಕ್ಷಣದಲ್ಲಿ ನೆಲ ಅವನ ಕಾಲನ್ನು ಎದುರು ತಳ್ಳುತ್ತದೆ. ನುರಿತ ವೇಗಿಗಳಲ್ಲಿ ಈ ಬಲ ದೇಹದ ತೂಕದ ಐದು ಪಟ್ಟು ಅಥವಾ ಅದಕ್ಕೂ ಹೆಚ್ಚಿರುತ್ತದೆ. ಅದು ಪಾದದಿಂದ ಮೊಣಕಾಲಿಗೆ, ಸೊಂಟಕ್ಕೆ, ಅಲ್ಲಿಂದ ಬೆನ್ನಿನ ಕೆಳಭಾಗಕ್ಕೆ ಏರುತ್ತದೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ.

ಈ ಮೂರೂ ಒಟ್ಟಿಗೆ ಸೇರಿದಾಗ ಪೆಟ್ಟು ಬೀಳುವ ಜಾಗ ಒಂದಿದೆ. ಸೊಂಟದ ಭಾಗದ ನಾಲ್ಕನೇ ಮತ್ತು ಐದನೇ ಕಶೇರುಕಗಳ ಹಿಂಭಾಗದಲ್ಲಿ ತೆಳ್ಳಗಿನ ಮೂಳೆಯ ಸೇತುವೆಗಳಿವೆ. ಬಲಗೈ ವೇಗಿಗಳಲ್ಲಿ ಬಿರುಕು ಹೆಚ್ಚಾಗಿ ಎಡಬದಿಯಲ್ಲಿ ಕಾಣಿಸುತ್ತದೆ, ಎಡಗೈ ವೇಗಿಗಳಲ್ಲಿ ಬಲಬದಿಯಲ್ಲಿ. ಇದನ್ನೇ 'ಸ್ಟ್ರೆಸ್ ಫ್ರಾಕ್ಚರ್' ಎನ್ನುತ್ತಾರೆ. ಬಿದ್ದು ಮುರಿದುಕೊಳ್ಳುವ ಮೂಳೆಯಂತೆ ಇದು ಒಂದೇ ಪೆಟ್ಟಿಗೆ ಆಗುವುದಿಲ್ಲ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಏನೂ ಆಗದು, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದೆ. ಹಾಗೆಯೇ ಇದು.

ಮಕ್ಕಳು ದೊಡ್ಡವರಷ್ಟು ವೇಗವಾಗಿ ಓಡಿ ಬರುವುದಿಲ್ಲ, ಹಾಗಾಗಿ ಬಲವೂ ಕಡಿಮೆ ಎನ್ನಬಹುದು. ನಿಜ. ಆದರೆ ಅದನ್ನು ತಡೆದುಕೊಳ್ಳಬೇಕಾದ ಮೂಳೆಯೂ ಎಳೆಯದು. ಸೊಂಟದ ಮೂಳೆಗಳು ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು.

ತಪ್ಪು ಕಲ್ಪನೆ 1: "ವಿಶ್ರಾಂತಿ ಎಂದರೆ ಸೋಮಾರಿತನ"

ನಮ್ಮ ಮೂಳೆ ಕಲ್ಲಲ್ಲ, ಜೀವಂತ ಅಂಗಾಂಶ. ಅದರ ಮೇಲೆ ಭಾರ ಬಿದ್ದಾಗ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಇದು ಸಹಜ. ದೇಹ ಒಂದು ಬಗೆಯ ಜೀವಕೋಶಗಳನ್ನು ಕಳಿಸಿ ಹಾಳಾದ ಭಾಗವನ್ನು ಕೆರೆದು ತೆಗೆಯುತ್ತದೆ. ಆಮೇಲೆ ಇನ್ನೊಂದು ಬಗೆಯ ಜೀವಕೋಶಗಳು ಅಲ್ಲಿ ಹೊಸ ಮೂಳೆ ಕಟ್ಟುತ್ತವೆ. ಹಾಗೆ ಕಟ್ಟಿದ ಮೂಳೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಆದ್ದರಿಂದ ಅಭ್ಯಾಸದಿಂದ ಮೂಳೆ ಬಲಗೊಳ್ಳುತ್ತದೆ ಎನ್ನುವ ಮಾತು ಸುಳ್ಳಲ್ಲ.

ತೊಡಕಿರುವುದು ಸಮಯದಲ್ಲಿ. ಕೆರೆದು ತೆಗೆಯುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಹೊಸದಾಗಿ ಕಟ್ಟಿ ಗಟ್ಟಿಯಾಗಲು ತಿಂಗಳುಗಳು ಬೇಕು. ನಡುವೆ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿರುತ್ತದೆ. ರಸ್ತೆ ಅಗೆದು ಪೈಪ್ ಹಾಕಿ, ಇನ್ನೂ ಡಾಂಬರು ಹಾಕದೆ ಬಿಟ್ಟ ಜಾಗದಲ್ಲಿ ಲಾರಿ ಓಡಿಸಿದರೆ ಏನಾಗುತ್ತದೆ ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದಿನಾ ಬೌಲಿಂಗ್ ಮಾಡಿಸುವುದೆಂದರೆ ದುರಸ್ತಿ ನಡೆಯುತ್ತಿರುವ ರಸ್ತೆಯ ಮೇಲೆ ದಿನಾ ಲಾರಿ ಓಡಿಸಿದ ಹಾಗೆ.

ಇದಕ್ಕೆ ಪುರಾವೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಹದಿಹರೆಯದ 44 ವೇಗದ ಬೌಲರ್‌ಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ನಾಲ್ವರಲ್ಲಿ ಒಬ್ಬರಿಗೆ ಅತಿಬಳಕೆಯ ಗಾಯವಾಗಿತ್ತು. ಬೌಲಿಂಗ್ ದಿನಗಳ ನಡುವೆ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ಅಂತರ ಇದ್ದವರಲ್ಲಿ ಗಾಯದ ಅಪಾಯ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅಂದರೆ ಒಂದು ದಿನ ಎಷ್ಟು ಬಾಲ್ ಎಂಬುದರ ಜೊತೆಗೆ, ಎಷ್ಟು ದಿನಕ್ಕೊಮ್ಮೆ ಎಂಬುದೂ ಅಷ್ಟೇ ಮುಖ್ಯ.

ತಪ್ಪು ಕಲ್ಪನೆ 2: "ಮಕ್ಕಳ ಮೈ ರಬ್ಬರ್ ಇದ್ದ ಹಾಗೆ"

ಹುಡುಗಿಯರು ಸುಮಾರು 12ನೇ ವಯಸ್ಸಿನಲ್ಲಿ, ಹುಡುಗರು ಸುಮಾರು 14ನೇ ವಯಸ್ಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಈ ಹೊತ್ತಿನಲ್ಲಿ ಮೂಳೆ ಉದ್ದವಾಗುವ ವೇಗಕ್ಕೆ ಅದರ ಗಟ್ಟಿತನ ಸಾಟಿಯಾಗುವುದಿಲ್ಲ. ಸ್ನಾಯುಗಳು ಬಿಗಿಯಾಗುತ್ತವೆ. ಮೊನ್ನೆಯವರೆಗೆ ಸಲೀಸಾಗಿದ್ದ ರನ್‌ಅಪ್ ಇದ್ದಕ್ಕಿದ್ದಂತೆ ತಪ್ಪತೊಡಗುತ್ತದೆ. ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿ ಮೃದ್ವಸ್ಥಿಯದು. ಅದು ಸುತ್ತಲಿನ ಮೂಳೆಗಿಂತ ಮೆತ್ತಗಿರುತ್ತದೆ, ಆದ್ದರಿಂದ ಭುಜ, ಮೊಣಕೈ, ಮೊಣಕಾಲು, ಹಿಮ್ಮಡಿಗಳಲ್ಲಿ ಮೊದಲು ನೋಯುವುದು ಅದೇ.

ಬೇಸಿಗೆಯಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟ್ ದಸರಾ ಹೊತ್ತಿಗೆ ಗಿಡ್ಡವಾಗಿದ್ದರೆ, ಅದು ಬೌಲಿಂಗ್ ಕಡಿಮೆ ಮಾಡಿಸಬೇಕಾದ ಕಾಲ. ಆದರೆ ನಮ್ಮಲ್ಲಿ ಆಗುವುದು ತದ್ವಿರುದ್ಧ. ಹುಡುಗ ಎತ್ತರ ಬೆಳೆದ ಕೂಡಲೇ "ಒಳ್ಳೇ ಹೈಟ್ ಇದೆ, ಇನ್ನೂ ಜೋರಾಗಿ ಹಾಕಿಸಿ" ಎನ್ನುತ್ತೇವೆ.

ತಪ್ಪು ಕಲ್ಪನೆ 3: "ದೊಡ್ಡ ಆಟಗಾರರು ವಿಶ್ರಾಂತಿ ತಗೊಂಡಿದ್ದರಾ?"

ತಗೊಂಡಿದ್ದರು. ಅದೂ ನಮ್ಮ ಊರಿನಲ್ಲೇ.

ಬೆಂಗಳೂರಿನವರೇ ಆದ ಪ್ರಸಿದ್ಧ್ ಕೃಷ್ಣ ಸೊಂಟದ ಸ್ಟ್ರೆಸ್ ಫ್ರಾಕ್ಚರ್‌ನಿಂದಾಗಿ 2023ರ ಐಪಿಎಲ್ ಪೂರ್ತಿ ಕಳೆದುಕೊಂಡರು. 2022ರ ಆಗಸ್ಟ್‌ನಲ್ಲಿ ಭಾರತಕ್ಕೆ ಆಡಿದ್ದವರು ಮತ್ತೆ ತಂಡಕ್ಕೆ ಮರಳಿದ್ದು 2023ರ ಆಗಸ್ಟ್‌ನಲ್ಲಿ, ಐರ್ಲೆಂಡ್ ವಿರುದ್ಧದ ಟಿ20 ಸರಣಿಯಲ್ಲಿ. ಹತ್ತಿರಹತ್ತಿರ ಒಂದು ವರ್ಷ. ಅದೇ ಸರಣಿಯಲ್ಲಿ ನಾಯಕನಾಗಿ ಮರಳಿದವರು ಜಸ್ಪ್ರೀತ್ ಬುಮ್ರಾ. ಅವರಿಗೂ 2019ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್ ಆಗಿತ್ತು. 2022ರಲ್ಲಿ ಬೆನ್ನು ಮತ್ತೆ ಕೈಕೊಟ್ಟು ಟಿ20 ವಿಶ್ವಕಪ್ ತಪ್ಪಿತು, 2023ರ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅವರ ಚೇತರಿಕೆಯ ಅಭ್ಯಾಸ ನಡೆದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. 2000ರಲ್ಲಿ ಶುರುವಾದ ಈ ಅಕಾಡೆಮಿ ಆಗ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿತ್ತು, 2024ರಲ್ಲಿ ದೇವನಹಳ್ಳಿ ಕಡೆಯ ಹೊಸ ಕೇಂದ್ರಕ್ಕೆ ಹೋಯಿತು.

ಅದೇ ಕ್ರೀಡಾಂಗಣದ ಪಕ್ಕ, ಎಂ.ಜಿ. ರಸ್ತೆಯ ತುದಿಯಲ್ಲಿ ಅನಿಲ್ ಕುಂಬ್ಳೆ ವೃತ್ತ ಇದೆ. ಕುಂಬ್ಳೆ ಸ್ಪಿನ್ನರ್, ವೇಗಿಯಲ್ಲ. ಅವರಿಗೂ 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಗಿ, ಆ ವರ್ಷ ಆಸ್ಟ್ರೇಲಿಯಾ ವಿರುದ್ಧದ ಐತಿಹಾಸಿಕ ಸರಣಿ ತಪ್ಪಿಹೋಯಿತು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗಿದ್ದರು. ಮರಳಿ ಬಂದು 2003ರ ವಿಶ್ವಕಪ್‌ವರೆಗೂ ಆಡಿದರು.

ಇವರೆಲ್ಲ ಬೆಳೆದು ನಿಂತ ಆಟಗಾರರು. ಸುತ್ತ ಫಿಸಿಯೊ, ವೈದ್ಯರು, ಸ್ಕ್ಯಾನ್ ಎಲ್ಲವೂ ಇದ್ದವು. ಅಷ್ಟಿದ್ದೂ ಗಾಯ ತಪ್ಪಲಿಲ್ಲ, ವಿಶ್ರಾಂತಿಯೂ ತಪ್ಪಲಿಲ್ಲ. ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ಇರುವ 12 ವರ್ಷದ ಹುಡುಗನ ಹಿಂದೆ ಇರುವುದು ಅಪ್ಪ, ಅಮ್ಮ ಮತ್ತು ಮೂವತ್ತು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಒಬ್ಬ ಕೋಚ್.

ಹಾಗಾದರೆ ಎಷ್ಟು ಬಾಲ್ ಸರಿ?

ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಹಲವು ವರ್ಷಗಳಿಂದ ಬಳಸುತ್ತ ಬಂದ ವೇಗದ ಬೌಲಿಂಗ್ ಮಿತಿಗಳು ಪೋಷಕರಿಗೆ ಒಳ್ಳೆಯ ಅಳತೆಗೋಲು. ಪಂದ್ಯಗಳಿಗೆ:

• 13 ವರ್ಷದೊಳಗೆ: ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್
• 14 ಮತ್ತು 15 ವರ್ಷದೊಳಗೆ: ಸ್ಪೆಲ್‌ಗೆ 6, ದಿನಕ್ಕೆ 12
• 16ರಿಂದ 19 ವರ್ಷದೊಳಗೆ: ಸ್ಪೆಲ್‌ಗೆ 7, ದಿನಕ್ಕೆ 18

ಒಂದು ಸ್ಪೆಲ್ ಮುಗಿದ ಮೇಲೆ ಅದೇ ತುದಿಯಿಂದ ಅಷ್ಟೇ ಓವರ್‌ಗಳು ಕಳೆಯುವವರೆಗೆ ಆ ಬೌಲರ್ ಮತ್ತೆ ಬಾಲ್ ಹಿಡಿಯುವಂತಿಲ್ಲ.

ನೆಟ್ಸ್‌ಗೆ:

• 13 ವರ್ಷದೊಳಗೆ: ಒಂದು ಸಲಕ್ಕೆ 30 ಬಾಲ್, ವಾರಕ್ಕೆ 2 ಸಲ
• 14 ಮತ್ತು 15 ವರ್ಷದೊಳಗೆ: 36 ಬಾಲ್, ವಾರಕ್ಕೆ 2 ಸಲ
• 16 ಮತ್ತು 17 ವರ್ಷದೊಳಗೆ: 36 ಬಾಲ್, ವಾರಕ್ಕೆ 3 ಸಲ
• 18 ಮತ್ತು 19 ವರ್ಷದೊಳಗೆ: 42 ಬಾಲ್, ವಾರಕ್ಕೆ 3 ಸಲ

ಇದರ ಜೊತೆಗೆ ಇನ್ನೊಂದು ಸೂತ್ರ: ಯಾವುದೇ ಏಳು ದಿನಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ಬೌಲಿಂಗ್ ಬೇಡ, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬೇಡವೇ ಬೇಡ.

ಫಾರ್ವರ್ಡ್ ಹೇಳುವ "ದಿನಾ ನೂರು" ಎಂದರೆ ವಾರಕ್ಕೆ 700. 13 ವರ್ಷದೊಳಗಿನ ಮಗುವಿಗೆ ಈ ಅಳತೆಗೋಲಿನ ಪ್ರಕಾರ ನೆಟ್ಸ್‌ನಲ್ಲಿ 60, ಭಾನುವಾರ ಒಂದು ಪಂದ್ಯವಿದ್ದರೆ ಹೆಚ್ಚೆಂದರೆ ಇನ್ನೂ 60. ಒಟ್ಟು 120.

ಯಾರ ಬಳಿಯೂ ಇಲ್ಲದ ಲೆಕ್ಕ

"ನಮ್ಮ ಮಗ ನೂರು ಹಾಕಲ್ಲ, ಅಕಾಡೆಮಿಯಲ್ಲಿ ಐವತ್ತೇ" ಎಂದು ನೀವು ಹೇಳಬಹುದು. ಇಲ್ಲೇ ಇರುವುದು ಎಡವಟ್ಟು. ಒಂದು ಲೆಕ್ಕ ಹಾಕಿ ನೋಡೋಣ.

ಕೆ.ಆರ್. ಪುರದಲ್ಲಿ ಮನೆ, ಕಂಟೋನ್ಮೆಂಟ್ ಕಡೆ ಶಾಲೆ, ಇಂದಿರಾನಗರದಲ್ಲಿ ಅಕಾಡೆಮಿ ಇರುವ 12 ವರ್ಷದ ಹುಡುಗ ಎಂದುಕೊಳ್ಳಿ. ನೇರಳೆ ಮಾರ್ಗದ ಮೆಟ್ರೊ ಬಂದ ಮೇಲೆ ಈ ಓಡಾಟ ಸುಲಭವಾಗಿದೆ.

• ಶಾಲಾ ತಂಡದ ಅಭ್ಯಾಸ: 2 ದಿನ, ದಿನಕ್ಕೆ 40 = 80
• ಅಕಾಡೆಮಿ ನೆಟ್ಸ್: 3 ದಿನ, ದಿನಕ್ಕೆ 50 = 150
• ಭಾನುವಾರದ ಪಂದ್ಯ: 8 ಓವರ್ = 48
• ಸಂಜೆ ಅಪಾರ್ಟ್‌ಮೆಂಟ್ ಅಥವಾ ಬೀದಿಯಲ್ಲಿ ಟೆನಿಸ್ ಬಾಲ್: 4 ದಿನ, ದಿನಕ್ಕೆ 4 ಓವರ್ = 96

ಒಟ್ಟು 374. ಮೇಲಿನ ಮಿತಿಯ ಮೂರು ಪಟ್ಟು ದಾಟಿತು. ಇಲ್ಲಿ ಯಾರೂ ಕೆಟ್ಟದ್ದು ಮಾಡಿಲ್ಲ. ಶಾಲೆಯ ಪಿ.ಟಿ. ಮಾಸ್ತರರಿಗೆ ಗೊತ್ತಿರುವುದು 80 ಮಾತ್ರ. ಅಕಾಡೆಮಿಯ ಕೋಚ್‌ಗೆ ಗೊತ್ತಿರುವುದು 150. ಪಂದ್ಯದ ಸ್ಕೋರ್ ಬರೆಯುವವರಿಗೆ 48. ಬೀದಿಯ ಆಟವನ್ನು ಯಾರೂ ಎಣಿಸುವುದೇ ಇಲ್ಲ. ಎಲ್ಲರ ಲೆಕ್ಕವೂ ಹೆಚ್ಚುಕಡಿಮೆ ಸರಿಯಾಗಿದೆ, ಆದರೆ ಎಲ್ಲ ಭಾರ ಬೀಳುವುದು ಒಂದೇ ಬೆನ್ನಿನ ಮೇಲೆ.

"ಟೆನಿಸ್ ಬಾಲ್ ಹಗುರ, ಅದನ್ನೂ ಎಣಿಸಬೇಕಾ?" ಎಣಿಸಬೇಕು. ಹಗುರವಾಗಿರುವುದು ಬಾಲ್, ಓಡಿ ಬಂದು ಕಾಲೂರುವ ರಭಸವಲ್ಲ. ಅದೂ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ನೆಲದ ಮೇಲೆ. ಹಾಗೆಂದು ಬೀದಿ ಆಟ ನಿಲ್ಲಿಸಬೇಡಿ, ಅದು ಮಕ್ಕಳ ಸಂತೋಷ. ಆ ಸಂಜೆ ಅವನು ಬ್ಯಾಟ್ ಮಾಡಲಿ, ಕೀಪಿಂಗ್ ಮಾಡಲಿ, ನಿಂತ ಜಾಗದಿಂದ ಸ್ಪಿನ್ ಹಾಕಲಿ.

ಆದ್ದರಿಂದ ನಮ್ಮ ಸಲಹೆ ಒಂದೇ: ಮನೆಯಲ್ಲಿ ಒಂದು ಕ್ಯಾಲೆಂಡರ್ ಇಡಿ. ಮಗು ಆಡಿ ಬಂದ ದಿನ ಎಷ್ಟು ಬಾಲ್ ಹಾಕಿತು ಎಂದು ಆ ದಿನದ ಚೌಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಸರಿಯಾಗಿ ಗೊತ್ತಿಲ್ಲದಿದ್ದರೆ ಅಂದಾಜು ಬರೆಯಿರಿ. ವಾರದ ಕೊನೆಗೆ ಕೂಡಿಸಿ, ಫೋಟೊ ತೆಗೆದು ಇಬ್ಬರು ಕೋಚ್‌ಗಳಿಗೂ ಕಳಿಸಿ. ಮಗುವಿಗೂ ಒಂದು ವಾಕ್ಯ ಕಲಿಸಿ: "ಸರ್, ಇವತ್ತು ಬೆಳಗ್ಗೆ ಸ್ಕೂಲಲ್ಲಿ ಆರು ಓವರ್ ಹಾಕಿದ್ದೀನಿ." ಇಷ್ಟು ತಿಳಿದರೆ ಕೋಚ್ ಆ ಸಂಜೆ ಅವನಿಗೆ ಫೀಲ್ಡಿಂಗ್ ಕೊಡಬಹುದು. ಗೊತ್ತಿಲ್ಲದಿದ್ದರೆ ಹೇಗೆ ಕೊಡುತ್ತಾರೆ?

ತಪ್ಪು ಕಲ್ಪನೆ 4: "ಗಾಯ ಆಗದಿರಲು ಪೂರ್ತಿ ವಿಶ್ರಾಂತಿಯೇ ಮದ್ದು"

ಇದು ಎದುರು ತುದಿಯ ತಪ್ಪು. ತಿಂಗಳುಗಟ್ಟಲೆ ಏನೂ ಮಾಡದೆ ಇದ್ದು, ಇದ್ದಕ್ಕಿದ್ದಂತೆ ಪೂರ್ತಿ ವೇಗದಲ್ಲಿ ಶುರು ಮಾಡುವುದು ಅಷ್ಟೇ ಅಪಾಯಕಾರಿ. ನಮ್ಮ ಶಾಲಾ ವರ್ಷ ಇರುವುದೇ ಹಾಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ, ಬ್ಯಾಟು ಬಾಲು ಎಲ್ಲ ಅಟ್ಟದ ಮೇಲೆ. ಏಪ್ರಿಲ್‌ನಲ್ಲಿ ಶಿಬಿರ ಶುರು, ಬೆಳಗ್ಗೆ ಆರರಿಂದ, ವಾರಕ್ಕೆ ಐದಾರು ದಿನ. ಸೊನ್ನೆಯಿಂದ ನೇರ ಮುನ್ನೂರಕ್ಕೆ ಜಿಗಿತ.

ವೃತ್ತಿಪರ ವೇಗಿಗಳ ಮೇಲಿನ ಅಧ್ಯಯನಗಳಲ್ಲಿ ಕಂಡುಬಂದ ಒಂದು ವಿಷಯ ಇಲ್ಲಿ ಮುಖ್ಯ. ಒಂದು ಪಂದ್ಯದಲ್ಲಿ ವಿಪರೀತ ಬೌಲಿಂಗ್ ಮಾಡಿದವರಿಗೆ ಗಾಯ ಮರುದಿನವೇ ಬರಬೇಕೆಂದಿಲ್ಲ. ನಂತರದ ಮೂರು ವಾರಗಳ ಕಾಲ ಅಪಾಯ ಹೆಚ್ಚಿರುತ್ತದೆ. ಹಾಗಾಗಿ ಏಪ್ರಿಲ್ ಮೊದಲ ವಾರದ ಅತಿಯ ಫಲ ಕೊನೆಯ ವಾರದಲ್ಲಿ ಕಾಣಿಸಬಹುದು. ಆಗ ನಾವು ಹಿಂದಿನ ದಿನ ಬಿದ್ದದ್ದನ್ನೋ, ಹೊಸ ಶೂವನ್ನೋ ದೂರುತ್ತೇವೆ.

ಮಾಡಬೇಕಾದದ್ದು ಸರಳ. ಪರೀಕ್ಷೆಯ ಕಾಲದಲ್ಲೂ ವಾರಕ್ಕೊಮ್ಮೆ ಎರಡು ಮೂರು ಓವರ್ ಹಾಕಲಿ, ಸ್ವಲ್ಪ ಓಡಲಿ. ಶಿಬಿರದ ಮೊದಲ ವಾರ ಅರ್ಧ ರನ್‌ಅಪ್, ಕಡಿಮೆ ಬಾಲ್. ಆಮೇಲೆ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಲಿ. ಶಿಬಿರಕ್ಕೆ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: "ಸರ್, ಒಂದು ಮಗುವಿಗೆ ದಿನಕ್ಕೆ ಎಷ್ಟು ಬಾಲ್ ಹಾಕಿಸ್ತೀರಿ?" ಉತ್ತರ ಸಿದ್ಧವಾಗಿರುವ ಕೋಚ್ ಒಳ್ಳೆಯ ಕೋಚ್.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಕ್ಕಳ ಕ್ರೀಡೆಗೆ ಇನ್ನೊಂದು ಸಲಹೆ ಕೊಡುತ್ತದೆ. ವಾರಕ್ಕೆ ಒಂದೆರಡು ದಿನ ಆ ಆಟಕ್ಕೆ ರಜೆ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಬಿಡುವು. ಮೂರೂ ತಿಂಗಳು ಒಟ್ಟಿಗೇ ಇರಬೇಕೆಂದಿಲ್ಲ, ಒಂದೊಂದು ತಿಂಗಳಾಗಿ ಹಂಚಬಹುದು. ಬಿಡುವು ಎಂದರೆ ಸೋಫಾ ಮೇಲೆ ಮೊಬೈಲ್ ಹಿಡಿದು ಕೂರುವುದಲ್ಲ. ಈಜು, ಫುಟ್‌ಬಾಲ್, ಕಬಡ್ಡಿ, ಸೈಕಲ್ ಏನಾದರೂ ಆಗಬಹುದು.

ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೂ ಇದೇ ಮಾತು

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್ ಕೂಡ ಇದೆ. ಅದರಲ್ಲಿ ಪಿಚರ್ ಕೈಯನ್ನು ಗಿರಣಿಯ ಚಕ್ರದಂತೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಿಂದ ಬಾಲ್ ಬಿಡುತ್ತಾಳೆ. "ಕೈ ಕೆಳಗಿನಿಂದ ಎಸೆಯುವುದು ಸಹಜ ಚಲನೆ, ಎಷ್ಟು ಎಸೆದರೂ ಏನೂ ಆಗಲ್ಲ" ಎಂಬ ನಂಬಿಕೆ ಈ ಆಟ ಹುಟ್ಟಿದ ಅಮೆರಿಕದಲ್ಲೂ ಬಹಳ ಕಾಲ ಇತ್ತು.

ಅಳೆದು ನೋಡಿದಾಗ ಬೇರೆಯೇ ಕಂಡಿತು. ಈ ಎಸೆತದಲ್ಲಿ ಭುಜದ ಕೀಲನ್ನು ಹೊರಕ್ಕೆ ಎಳೆಯುವ ಬಲ ಆಟಗಾರ್ತಿಯ ದೇಹದ ತೂಕದ ಹತ್ತಿರಕ್ಕೆ ಹೋಗುತ್ತದೆ. ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯು ಕೈ ಮೇಲೆತ್ತಿ ಎಸೆಯುವಾಗ ದುಡಿಯುವುದಕ್ಕಿಂತ ಇಲ್ಲಿ ಹೆಚ್ಚು ದುಡಿಯುತ್ತದೆ. ಆದ್ದರಿಂದಲೇ ಸಾಫ್ಟ್‌ಬಾಲ್ ಪಿಚರ್‌ಗಳಿಗೆ ಭುಜದ ಮುಂಭಾಗದಲ್ಲಿ ನೋವು ಸಾಮಾನ್ಯ.

ಬೇಸ್‌ಬಾಲ್ ಆಡುವ ಮಕ್ಕಳಿಗೆ ಅಮೆರಿಕದಲ್ಲಿ 2014ರಿಂದ ಸ್ಪಷ್ಟ ಲೆಕ್ಕವಿದೆ. 11ರಿಂದ 12 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 85 ಎಸೆತ. 14 ವರ್ಷದವರೆಗಿನವರು 21ರಿಂದ 35 ಎಸೆತ ಎಸೆದರೆ ಒಂದು ದಿನ ವಿಶ್ರಾಂತಿ, 36ರಿಂದ 50 ಆದರೆ ಎರಡು ದಿನ, 51ರಿಂದ 65 ಆದರೆ ಮೂರು ದಿನ, 66 ದಾಟಿದರೆ ನಾಲ್ಕು ದಿನ. ಸಾಫ್ಟ್‌ಬಾಲ್‌ನಲ್ಲಿ ಇಂಥ ಮಿತಿ ಅಷ್ಟಾಗಿ ಬೇರೂರಿಲ್ಲ. ಶಾಲಾ ಟೂರ್ನಿಗಳಲ್ಲಿ ಒಬ್ಬಳೇ ಹುಡುಗಿ ಒಂದೇ ದಿನ ಎರಡು ಮೂರು ಪಂದ್ಯಕ್ಕೆ ಪಿಚ್ ಮಾಡುವುದು ಹೀಗೆ. ತಂಡದಲ್ಲಿ ಕನಿಷ್ಠ ಇಬ್ಬರನ್ನು ಪಿಚಿಂಗ್‌ಗೆ ತಯಾರು ಮಾಡುವುದು ಇದಕ್ಕಿರುವ ಅತಿ ಸುಲಭ ಪರಿಹಾರ.

ಇಲ್ಲಿ ಜಪಾನಿನ ಯುಕಿಕೊ ಉಯೆನೊ ಹೆಸರು ಹೇಳುವವರಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಎರಡು ದಿನಗಳಲ್ಲಿ ಮೂರು ಪಂದ್ಯ ಆಡಿ 413 ಎಸೆತ ಎಸೆದು ಜಪಾನಿಗೆ ಚಿನ್ನ ತಂದರು. ಅದು ನಿಜ. ಆದರೆ ಆಗ ಅವರಿಗೆ 26 ವರ್ಷ, ಮೂಳೆ ಬಲಿತಿತ್ತು, ಅದು ಒಲಿಂಪಿಕ್ಸ್ ಸಾಫ್ಟ್‌ಬಾಲ್ ಸ್ಪರ್ಧೆಯ ಕೊನೆಯ ಎರಡು ದಿನ. ಅದು ಅವರ ದಿನನಿತ್ಯದ ಅಭ್ಯಾಸವಲ್ಲ. ಇನ್ನೊಂದು ಮಾತು: ಗೆದ್ದ ಒಬ್ಬರ ಕಥೆ ನಮಗೆ ಫಾರ್ವರ್ಡ್ ಆಗಿ ಬರುತ್ತದೆ. ಹದಿನಾಲ್ಕಕ್ಕೇ ಭುಜ ನೋಯಿಸಿಕೊಂಡು ಆಟ ಬಿಟ್ಟವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ತಪ್ಪು ಕಲ್ಪನೆ 5: "ನೋವು ಬಂದರೆ ಸ್ಪ್ರೇ ಹೊಡೆದು ಆಡಿಸಿ"

ಸ್ಪ್ರೇ, ಬಾಮ್, ನೋವಿನ ಮಾತ್ರೆ ಇವೆಲ್ಲ ನೋವನ್ನು ಮರೆಸುತ್ತವೆ, ಬಿರುಕನ್ನು ಮುಚ್ಚುವುದಿಲ್ಲ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಅಮೆರಿಕದ ಹದಿಹರೆಯದ ಬೇಸ್‌ಬಾಲ್ ಪಿಚರ್‌ಗಳ ಕುರಿತ 2006ರ ಅಧ್ಯಯನವೊಂದರಲ್ಲಿ, ಕೈ ಸೋತಿದ್ದರೂ ಪದೇ ಪದೇ ಎಸೆಯುತ್ತಿದ್ದವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ 36 ಪಟ್ಟು ಹೆಚ್ಚಿತ್ತು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧೆಗಳಲ್ಲಿ ಎಸೆದವರಿಗೆ 5 ಪಟ್ಟು.

ಮೈಕೈ ನೋವಿಗೂ ಗಾಯದ ನೋವಿಗೂ ವ್ಯತ್ಯಾಸವಿದೆ. ಹೊಸ ವ್ಯಾಯಾಮ ಮಾಡಿದ ಮರುದಿನ ಎರಡೂ ಕಡೆ ಸಮನಾಗಿ ಮೈ ಹಿಡಿದುಕೊಂಡು, ಎರಡು ಮೂರು ದಿನದಲ್ಲಿ ಹೋದರೆ ಅದು ಸಾಮಾನ್ಯ. ಈ ಕೆಳಗಿನವು ಸಾಮಾನ್ಯವಲ್ಲ:

• ಸೊಂಟದ ಒಂದೇ ಬದಿಯಲ್ಲಿ ನೋವು, ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಹೆಚ್ಚಾಗುವುದು
• ಬೌಲಿಂಗ್ ಮಾಡುವಾಗ ಬಂದು, ನಿಲ್ಲಿಸಿದರೆ ಹೋಗಿ, ಮತ್ತೆ ಶುರು ಮಾಡಿದರೆ ಮರಳುವ ನೋವು
• ಭುಜ ಅಥವಾ ಮೊಣಕೈಯಲ್ಲಿ ಎಸೆಯುವಾಗಲೆಲ್ಲ ನೋವು
• ಎರಡು ವಾರ ಕಳೆದರೂ ಹೋಗದ ಬೆನ್ನುನೋವು
• ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕಾಲು ಜೋಮು ಹಿಡಿಯುವುದು, ಜ್ವರದ ಜೊತೆ ಬೆನ್ನುನೋವು

ಕೊನೆಯದಕ್ಕೆ ಕಾಯದೆ ತಕ್ಷಣ ವೈದ್ಯರಿಗೆ ತೋರಿಸಿ. ಉಳಿದವುಗಳಲ್ಲಿ ಯಾವುದಿದ್ದರೂ ಬೌಲಿಂಗ್ ನಿಲ್ಲಿಸಿ, ಮೂಳೆ ತಜ್ಞರ ಬಳಿ ಹೋಗಿ. "ನನ್ನ ಮಗ ಫಾಸ್ಟ್ ಬೌಲರ್" ಎಂದು ಮೊದಲೇ ಹೇಳಿ. ಏಕೆಂದರೆ ಶುರುವಿನ ಸ್ಟ್ರೆಸ್ ಫ್ರಾಕ್ಚರ್ ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗಬಹುದು. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಮರುದಿನ ನೆಟ್ಸ್‌ಗೆ ಕಳಿಸಬೇಡಿ. ಖಾಸಗಿ ಆಸ್ಪತ್ರೆಯ ಖರ್ಚು ಕಷ್ಟವೆನಿಸಿದರೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಎರಡೂ ಸರ್ಕಾರಿ, ಎರಡರಲ್ಲೂ ಮೂಳೆ ವಿಭಾಗವಿದೆ.

ಬೇಗ ಹಿಡಿದ ಬಿರುಕು ಸಾಮಾನ್ಯವಾಗಿ ಕೆಲವು ತಿಂಗಳ ವಿಶ್ರಾಂತಿ ಮತ್ತು ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಮುಚ್ಚಿಟ್ಟು ಆಡಿದ ಬಿರುಕು ಕೆಲವೊಮ್ಮೆ ಕೂಡಿಕೊಳ್ಳುವುದೇ ಇಲ್ಲ. ಮಕ್ಕಳು ನೋವನ್ನು ಮುಚ್ಚಿಡುವುದು ಹೆದರಿಕೆಯಿಂದ: ತಂಡದಿಂದ ಕೈಬಿಟ್ಟರೆ? ಅಪ್ಪ ಕಟ್ಟಿದ ಫೀಸು ವ್ಯರ್ಥವಾದರೆ? ನೋವು ಹೇಳಿದ ಮಗುವನ್ನು ಗದರಿಸಿದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಊಟ ಮತ್ತು ನಿದ್ದೆ

ಮೂಳೆ ಕಟ್ಟಲು ಕ್ಯಾಲ್ಸಿಯಂ ಬೇಕು. ಅದು ದುಬಾರಿ ಡಬ್ಬಿಯ ಪುಡಿಯಲ್ಲೇ ಇರಬೇಕೆಂದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ರೊಟ್ಟಿ, ಮಾಲ್ಟ್ ಯಾವುದಾದರೂ ಸರಿ. ಜೊತೆಗೆ ಹಾಲು, ಮೊಸರು, ಬೇಳೆ, ಮೊಟ್ಟೆ. ಆದರೆ ರಾಗಿ ತಿಂದರೆ ಎಷ್ಟು ಬಾಲ್ ಹಾಕಿದರೂ ನಡೆಯುತ್ತದೆ ಎಂದೇನಲ್ಲ. ಊಟ ಕಟ್ಟುವ ಸಾಮಗ್ರಿ, ಬಿಡುವು ಕಟ್ಟುವ ಸಮಯ. ಎರಡೂ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಗಮನ ಬೇಕು. ಆಟ ಹೆಚ್ಚಾಗಿ ಊಟ ಸಾಲದೇ ಹೋದಾಗ ಮುಟ್ಟು ನಿಂತುಹೋಗಬಹುದು. "ಆಟ ಆಡುವವರಿಗೆ ಹಾಗೆಯೇ" ಎಂದು ಬಿಡಬೇಡಿ. ಅದು ಮೂಳೆ ದುರ್ಬಲವಾಗುತ್ತಿರುವ ಸೂಚನೆ ಆಗಿರಬಹುದು, ವೈದ್ಯರಿಗೆ ತೋರಿಸಿ.

ನಿದ್ದೆ 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ಬೇಕು. ಬೆಳಗ್ಗೆ ಐದಕ್ಕೆ ಎಬ್ಬಿಸಿ ನೆಟ್ಸ್, ಶಾಲೆ, ಟ್ಯೂಷನ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮಲಗಿಸಿದರೆ ಸಿಗುವುದು ಆರು ಗಂಟೆ. ಹಾಗಿದ್ದರೆ ಬೆಳಗಿನ ನೆಟ್ಸ್ ಬಿಡುವುದೇ ಲಾಭ.

ಒಂದು ವಾರ ಹೀಗಿರಬಹುದು (12 ವರ್ಷದ ವೇಗಿಗೆ)

• ಸೋಮವಾರ: ಪೂರ್ತಿ ರಜೆ
• ಮಂಗಳವಾರ: ನೆಟ್ಸ್, 30 ಬಾಲ್
• ಬುಧವಾರ: ಬ್ಯಾಟಿಂಗ್, ಕ್ಯಾಚಿಂಗ್
• ಗುರುವಾರ: ನೆಟ್ಸ್, 30 ಬಾಲ್
• ಶುಕ್ರವಾರ: ಓಟ, ಹೊಟ್ಟೆ ಮತ್ತು ಬೆನ್ನು ಬಲಪಡಿಸುವ ವ್ಯಾಯಾಮ
• ಶನಿವಾರ: ಬೀದಿ ಆಟ, ಬೌಲಿಂಗ್ ಬಿಟ್ಟು
• ಭಾನುವಾರ: ಪಂದ್ಯ, ತಲಾ 5 ಓವರ್‌ನ ಎರಡು ಸ್ಪೆಲ್ ಮೀರದಂತೆ

ಇದರಲ್ಲಿ ಮಗು ಆರು ದಿನ ಆಡುತ್ತಿದೆ, ಆದರೆ ಬೌಲಿಂಗ್ ಮಾಡುವುದು ಮೂರು ದಿನ ಮಾತ್ರ. ನೋವಿದ್ದರೆ, ಎತ್ತರ ಬೇಗ ಬೆಳೆಯುತ್ತಿದ್ದರೆ ಇದನ್ನೂ ಇಳಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ದಿನಾ ನೂರು ಬಾಲ್" ಸಂದೇಶ ಮತ್ತೆ ಬಂದರೆ, ಅದರ ಕೆಳಗೆ ಈ ಐದು ಸಾಲು ಹಾಕಿ:

1. ಶಾಲೆ, ಅಕಾಡೆಮಿ, ಪಂದ್ಯ, ಬೀದಿ ಎಲ್ಲ ಸೇರಿಸಿ ಬಾಲ್ ಎಣಿಸಿ.
2. ವಾರಕ್ಕೆ ನಾಲ್ಕು ದಿನಕ್ಕಿಂತ ಹೆಚ್ಚು, ಸತತ ಎರಡು ದಿನಕ್ಕಿಂತ ಹೆಚ್ಚು ಬೌಲಿಂಗ್ ಬೇಡ.
3. ರಜೆಯ ನಂತರ ನಿಧಾನವಾಗಿ ಏರಿಸಿ.
4. ನೋವು ಹೇಳಿದ ಮಗುವನ್ನು ಗದರಿಸಬೇಡಿ, ಬಾಲ್ ಕೆಳಗಿಡಿಸಿ.
5. ಎರಡು ವಾರ ದಾಟಿದ ಬೆನ್ನುನೋವನ್ನು ವೈದ್ಯರಿಗೆ ತೋರಿಸಿ.

ಸೂಚನೆ: ಇದು ಸಾಮಾನ್ಯ ಮಾಹಿತಿ. ನಿಮ್ಮ ಮಗುವಿಗೆ ಈಗಾಗಲೇ ನೋವಿದ್ದರೆ ಈ ಲೇಖನ ಓದಿ ತೀರ್ಮಾನಿಸಬೇಡಿ, ವೈದ್ಯರನ್ನು ಕಾಣಿ.